ಮುಚ್ಚಳ ತೆಗೆದಿಟ್ಟ ಡಬ್ಬಿ

ನಾನು ಒಂದು ತಗಡಿನ ಡಬ್ಬಿ. ಎರಡು ಸೇರು ಜೋಳ ಹಿಡಿಯುತ್ತೇನೆ. ತಟ್ಟಿ ತಟ್ಟಿ ತುಂಬಿದರೆ ಇನ್ನೊಂದು ಹಿಡಿ ಹೆಚ್ಚೇ ಹಿಡಿದೇನು. ಈ ರೂಪ ಬರುವ ಮೊದಲು ನಾನು ಶೇಂಗಾ ಎಣ್ಣೆಯ ದೊಡ್ಡ ಡಬ್ಬದ ಒಂದು ಪಕ್ಕೆಯಾಗಿದ್ದೆ. ಗದಗಿನ ಪೇಟೆಯಲ್ಲಿ ಖಾದರಸಾಬ ಎಂಬವರು ಆ ಡಬ್ಬವನ್ನು ಕತ್ತರಿಸಿದರು, ಬಡಿದು ಬಾಗಿಸಿದರು, ಅಂಚಿಗೆ ಬೆಸುಗೆ ಹಾಕಿದರು, ತಲೆಯ ಮೇಲೊಂದು ಮುಚ್ಚಳ ಕೂರಿಸಿದರು. ನನ್ನ ಹೊಟ್ಟೆಯ ಮೇಲೆ ಅರ್ಧ ಶೇಂಗಾ ಬಳ್ಳಿಯ ಚಿತ್ರ ಉಳಿಯಿತು. ಉಳಿದರ್ಧ ಯಾವ ಡಬ್ಬಿಯ ಪಾಲಾಯಿತೋ ನನಗೆ ತಿಳಿಯದು.

ಅಂದು ನನ್ನ ಸಂಗಡ ಹತ್ತೊಂಬತ್ತು ಮಂದಿ ಒಡಹುಟ್ಟಿದವರಿದ್ದರು. ಬೆಟಗೇರಿಯ ನೇಕಾರರ ಓಣಿಯೊಂದರಲ್ಲಿ ಇಪ್ಪತ್ತು ಕ್ರೈಸ್ತ ಮನೆಗಳಿದ್ದವು. ಆ ಮನೆಗಳ ಹೆಂಗಸರು ಒಂದು ಸಂಘ ಕಟ್ಟಿಕೊಂಡಿದ್ದರು. ನಮ್ಮನ್ನು ಮಾಡಿಸಿದವರು ಅವರೇ. ಒಯ್ಯಲು ಬಂದವಳು ದೊರ್ಕವ್ವ ಎಂಬ ನೇಕಾರಗಿತ್ತಿ. ಡಬ್ಬಿಗಳ ಮೇಲೆ ಬಣ್ಣದಲ್ಲಿ ಒಬ್ಬೊಬ್ಬರ ಹೆಸರು ಬರೆದುಕೊಡಲೇ ಎಂದು ಖಾದರಸಾಬರು ಕೇಳಿದರು. ಬೇಡ, ಯಾರು ಎಷ್ಟು ಕೊಟ್ಟರೆಂಬುದು ದೇವರಿಗೆ ಗೊತ್ತಾದರೆ ಸಾಕು ಎಂದಳು ದೊರ್ಕವ್ವ. ಒಂದೇ ಓಣಿಯ ಇಪ್ಪತ್ತು ಮನೆ, ಹೆಸರಿಲ್ಲದಿದ್ದರೆ ಯಾರ ಡಬ್ಬಿ ಯಾವುದೆಂದು ತಿಳಿಯದೇ ಇದ್ದೀತೇ ಎಂದು ಅವರು ನಕ್ಕರು. ಅವರು ನಕ್ಕದ್ದು ಸರಿಯಾಗಿಯೇ ಇತ್ತು. ವಾರದೊಳಗೆ ಓಣಿಯ ಕೂಸುಕುನ್ನಿಗಳಿಗೂ ನಮ್ಮೆಲ್ಲರ ಗುರುತು ಸಿಕ್ಕಿತ್ತು.

ನನ್ನ ಕೆಲಸ ಬಹಳ ಸಣ್ಣದು. ದಿನಾ ಬೆಳಗ್ಗೆ ಒಲೆ ಹೊತ್ತಿಸುವ ಮೊದಲು ಮನೆಯಾಕೆ ಜೋಳದ ಚೀಲದಿಂದ ಒಂದು ಹಿಡಿ ತೆಗೆದು ನನ್ನೊಳಗೆ ಹಾಕಬೇಕು. ಹಾಕುವಾಗ ಕಷ್ಟದಲ್ಲಿರುವ ಯಾರಾದರೊಬ್ಬರ ಹೆಸರು ಹೇಳಿ ಪ್ರಾರ್ಥಿಸಬೇಕು. ತಿಂಗಳ ಮೊದಲ ಭಾನುವಾರ ಇಪ್ಪತ್ತೂ ಡಬ್ಬಿಗಳು ದೇವಾಲಯಕ್ಕೆ ಹೋಗಿ, ವೇದಿಯ ಮುಂದಿನ ಮೆಟ್ಟಿಲಿನ ಮೇಲೆ ಸಾಲಾಗಿ ಕೂರುತ್ತಿದ್ದವು. ಆರಾಧನೆ ಮುಗಿದ ಮೇಲೆ ಎಲ್ಲರ ಜೋಳ ಒಂದೇ ಚೀಲಕ್ಕೆ. ಆ ಚೀಲ ಇದ್ದದ್ದು ಇಲ್ಲದವರಿಗಾಗಿ. ಅದನ್ನು ಕೇಳಿ ಪಡೆಯಬೇಕಾಗಿರಲಿಲ್ಲ. ಯಾರ ಮನೆಯಲ್ಲಿ ಕಾಳಿಲ್ಲವೋ ಅವರು ತಮ್ಮ ಡಬ್ಬಿಯನ್ನು ಮುಚ್ಚಳ ತೆಗೆದು ಬರಿದಾಗಿಯೇ ಇಟ್ಟುಬಿಡುವುದು. ಸಂಘದ ಹಿರಿಯರಾದ ರಾಹೇಲ ಬಾಯಿಯವರು ಏನನ್ನೂ ಕೇಳದೆ ತುಂಬಿಕೊಡುವುದು. ಇದು ಅವರ ಪದ್ಧತಿ.

ದೊರ್ಕವ್ವನ ಕೈ ದೊಡ್ಡದು. ಸಣ್ಣಂದಿನಿಂದ ರಾಟಿಯ ಮುಂದೆ ಕೂತು ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತಿ ಸುತ್ತಿ ಗಟ್ಟಿಯಾದ ಕೈ ಅದು. ಅವಳ ಒಂದು ಹಿಡಿ ಇತರರ ಒಂದೂವರೆ ಹಿಡಿಯಷ್ಟು. ಅದರ ಹೆಮ್ಮೆ ಅವಳಿಗೂ ಇತ್ತು, ಸುಳ್ಳೇಕೆ ಹೇಳಲಿ, ನನಗೂ ಇತ್ತು. ಮೆಟ್ಟಿಲಿನ ಮೇಲೆ ಕೂತಾಗ ಉಳಿದ ಡಬ್ಬಿಗಳಿಗಿಂತ ಭಾರವಾಗಿರುತ್ತಿದ್ದೆನಲ್ಲ. ನಮ್ಮ ಮನೆಯ ಡಬ್ಬಿಯ ಮುಚ್ಚಳ ದೇವಾಲಯದಲ್ಲಿ ತೆರೆದಿದ್ದೇ ಇಲ್ಲ ಎಂದು ಅವಳು ನಾಲ್ಕು ಜನರಲ್ಲಿ ಹೇಳಿಕೊಳ್ಳುತ್ತಿದ್ದಳು.

ನಮ್ಮ ಮನೆಗೆ ಹೊಂದಿಕೊಂಡೇ ಸಾರವ್ವನ ಮನೆ. ನಡುವೆ ಒಂದೇ ಗೋಡೆ. ಸಾರವ್ವನ ಗಂಡ ತೀರಿಹೋದ ವರ್ಷ ಅವಳು ಮೂರು ತಿಂಗಳು ಡಬ್ಬಿ ತೆರೆದಿಟ್ಟಳು. ದೊರ್ಕವ್ವನ ಮಗ ತಿಮೋತಿಗೆ ಆಗ ತಾನೇ ಮದುವೆಯಾಗಿತ್ತು. ಸೊಸೆ ಕೃಪಾವತಿ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಅವಳ ಎದುರಿಗೇ ದೊರ್ಕವ್ವ ದೊಡ್ಡ ದನಿಯಲ್ಲಿ ಅಂದುಬಿಟ್ಟಳು:

“ಕೈಕಾಲ ಗಟ್ಟಿ ಇದ್ದಾಕಿ, ಡಬ್ಬಿ ತೆರದ ಇಡತಾಳಂತ. ಮಾರಿ ಎತ್ತಿ ಹೆಂಗ ತಿರಗತಾಳೋ ಏನೋ.”

ಕೃಪಾವತಿ ಹಿಟ್ಟು ನಾದುವುದನ್ನು ನಿಲ್ಲಿಸಿ ಒಮ್ಮೆ ಗೋಡೆಯ ಕಡೆ ನೋಡಿದಳು. ಮತ್ತೆ ನಾದತೊಡಗಿದಳು. ಆ ಮಾತು ಅವಳೊಳಗೆ ಕೂತುಬಿಟ್ಟಿತು. ನಾನು ಅಂದೇ ಅದನ್ನು ಕಂಡೆ.

ವರ್ಷಗಳು ಹೋದವು. ತಿಮೋತಿಗೆ ಹನ್ನಾ ಎಂಬ ಮಗಳು ಹುಟ್ಟಿದಳು. ದೊರ್ಕವ್ವನ ಎರಡೂ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಹಾಲಿನಂತಾಯಿತು. ಹಿಡಿ ಹಾಕುವ ಕೆಲಸ ಕೃಪಾವತಿಗೆ ಬಂತು. ಅವಳದು ಸಣ್ಣ ಕೈ. ಆದರೆ ಅವಳು ಹೆಸರು ಹೇಳುವ ರೀತಿ ನನಗೆ ಬಹಳ ಹಿಡಿಸಿತು. ಅತ್ತೆ ಹೆಸರನ್ನು ಕೂಗಿ ಹೇಳಿದರೆ, ಇವಳು ಬಗ್ಗಿ, ನನ್ನ ಬಾಯಿಯ ಹತ್ತಿರ ತುಟಿ ತಂದು ಹೇಳುತ್ತಿದ್ದಳು. ದೊರ್ಕವ್ವ ರಾಟಿಯ ಪಕ್ಕ ಕೂತು ದಿನಾ ಕೇಳುತ್ತಿದ್ದಳು, “ಹಿಡಿ ಹಾಕ್ದಿ?” ಸೊಸೆ ದಿನಾ ಹೇಳುತ್ತಿದ್ದಳು, “ಹಾಕೀನ್ರಿ ಅತ್ತಿ.”

ಹನ್ನಾಗೆ ಆರು ತುಂಬಿದ ವರ್ಷ ತಿಮೋತಿ ಕೆಮ್ಮತೊಡಗಿದ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಲಾಳಿ ಬಿಟ್ಟು ಎದೆ ಹಿಡಿದುಕೊಳ್ಳುತ್ತಿದ್ದ. ಒಂದು ದಿನ ಬಾಯಿಗೆ ಹಿಡಿದ ವಸ್ತ್ರ ಕೆಂಪಾಯಿತು. ಕ್ಷಯವೆಂದರು. ದೂರದ ಊರಿನ ದವಾಖಾನೆಯಲ್ಲಿ ಎಂಟು ತಿಂಗಳು ಇರಬೇಕೆಂದರು. ಹೋಗುವ ದಿನ ಅವನು ಮಗ್ಗದ ಮೇಲೆ ಒಂದು ಹಳೆಯ ದುಪ್ಪಟಿ ಹೊದಿಸಿದ, ಮಲಗಿದ ಮಗುವಿಗೆ ಹೊದಿಸುವಂತೆ.

ಮಗ್ಗ ನಿಂತಿತು. ಕೃಪಾವತಿ ಕೂಲಿಗೆ ಬೇರೆ ಮನೆಗಳ ಕಂಡಿಕೆ ಸುತ್ತಿದಳು. ದೊರ್ಕವ್ವನೂ ಕಣ್ಣಿಲ್ಲದೆಯೇ ಬೆರಳಿನ ಅಂದಾಜಿನಲ್ಲಿ ಸುತ್ತಿದಳು. ಆದರೂ ಮೂಲೆಯ ಜೋಳದ ಚೀಲ ದಿನದಿನಕ್ಕೂ ಕುಸಿಯುತ್ತ ಬಂತು. ಮೊದಮೊದಲು ಕೃಪಾವತಿಯ ಹಿಡಿ ಸಡಿಲವಾಯಿತು. ಬರಬರುತ್ತ ಬೆರಳ ತುದಿಯಷ್ಟಾಯಿತು. ಒಂದು ಬೆಳಗ್ಗೆ ಅವಳು ಚೀಲದ ಮುಂದೆ ನಿಂತು ನಿಂತು, ನನ್ನ ಬಳಿ ಬಂದು, ನನ್ನೊಳಗಿಂದಲೇ ಒಂದು ಹಿಡಿ ಎತ್ತಿ, ಅದನ್ನೇ ತಿರುಗಿ ನನ್ನೊಳಗೆ ಬಿಟ್ಟಳು. ಸಪ್ಪಳ ಆಯಿತು.

“ಹಿಡಿ ಹಾಕ್ದಿ?” ಎಂದಳು ದೊರ್ಕವ್ವ.

“ಹಾಕೀನ್ರಿ ಅತ್ತಿ.”

ಅಂದು ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಮರುದಿನವೂ ಹಾಗೆಯೇ ಮಾಡಿದಳು. ಮೂರನೆಯ ದಿನ ಹನ್ನಾ ಅರ್ಧ ರೊಟ್ಟಿ ತಿಂದು, ತಾಟಿನಲ್ಲಿ ಬಿದ್ದ ಚೂರುಗಳನ್ನು ಒದ್ದೆ ಬೆರಳಿನಿಂದ ಒತ್ತಿ ಒತ್ತಿ ನೆಕ್ಕಿದಳು. ಇನ್ನೂ ಬೇಕು ಎನ್ನಲಿಲ್ಲ. ಎಂದಿದ್ದರೆ ಕೃಪಾವತಿ ಗದರಿಸಿಬಿಡುತ್ತಿದ್ದಳೇನೋ. ಸುಮ್ಮನೆ ಎದ್ದು ಹೋಯಿತು ಕೂಸು. ಆಗ ಕೃಪಾವತಿ ನನ್ನೊಳಗೆ ಕೈ ಹಾಕಿ ಎತ್ತಿದ ಹಿಡಿಯನ್ನು ತಿರುಗಿ ಬಿಡಲಿಲ್ಲ.

ಇಷ್ಟು ವರ್ಷಗಳಲ್ಲಿ ನನ್ನೊಳಗೆ ಬಂದ ಕೈಗಳೆಲ್ಲ ಬರುವಾಗ ತುಂಬಿ ಹೋಗುವಾಗ ಬರಿದಾಗಿದ್ದವು. ಈ ಕೈ ತಿರುವುಮುರುವು. ನನಗೇನೂ ಕೋಪ ಬರಲಿಲ್ಲ, ಹಸಿದ ಕೂಸಿಗಾಗಿ ಬಂದ ಕೈಯ ಮೇಲೆ ತಗಡಿಗಾದರೂ ಕೋಪ ಬಂದೀತು ಹೇಗೆ? ಆದರೆ ಅವಳಿಗೆ ತನ್ನ ಮೇಲೆ ಕೋಪ ಬಂದಿತ್ತು. ದೇವರ ಡಬ್ಬಿಯಿಂದ ಕದ್ದೆ ಎಂಬುದೊಂದೇ ಅವಳ ತಲೆಯಲ್ಲಿ. ಪ್ರಾರ್ಥಿಸಲು ಕಣ್ಣು ಮುಚ್ಚುವಳು, ತುಟಿ ಬಿಚ್ಚುತ್ತಿರಲಿಲ್ಲ. ಅಳು ಬಂದರೆ ನನ್ನಿಂದ ದೂರ ಸರಿದು ಅಳುತ್ತಿದ್ದಳು, ಕಣ್ಣೀರು ಬಿದ್ದು ಜೋಳ ಮುಗ್ಗೀತೆಂದು. ಮನೆಯಲ್ಲಿ ಸತ್ಯವೇದ ಓದುವಾಗ ಒಬ್ಬ ವಿಧವೆಯ ಮನೆಯ ಹಿಟ್ಟಿನ ಮಡಕೆ ಬರಿದಾಗಲೇ ಇಲ್ಲವೆಂಬ ಪ್ರಸಂಗ ಬಂದರೆ ಅವಳು ನನ್ನ ಕಡೆ ನೋಡುತ್ತಿದ್ದಳು. ಪಾಪ, ನಾನೇನು ಮಾಡಲಿ? ತೆಗೆದಷ್ಟೂ ನನ್ನ ತಳ ಕಾಣುತ್ತಲೇ ಇತ್ತು.

ಈ ನಡುವೆ ದೊರ್ಕವ್ವ ಹಿಡಿ ಹಾಕಿದೆಯಾ ಎಂದು ಕೇಳುವುದನ್ನು ಬಿಟ್ಟುಬಿಟ್ಟಳು. ಹಲ್ಲು ನೋಯುತ್ತದೆ ಎಂದು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಹನ್ನಾಳ ಕಡೆ ಸರಿಸುವುದನ್ನು ಕಲಿತಳು. ಆ ಮುದುಕಿಯ ಹಲ್ಲು ಕಬ್ಬು ಸಿಗಿಯುವಂಥ ಹಲ್ಲು. ಕೃಪಾವತಿ ಮಾತ್ರ ತನ್ನ ಚಿಂತೆಯಲ್ಲಿ ಇದನ್ನು ಗಮನಿಸಲಿಲ್ಲ.

ಮೊದಲ ಭಾನುವಾರ ಹತ್ತಿರ ಬಂತು. ಹಿಂದಿನ ದಿನ ಮಧ್ಯಾಹ್ನ ಕೃಪಾವತಿ ನನ್ನ ಮುಚ್ಚಳ ತೆಗೆದು ನೋಡಿದಳು. ತಳದಲ್ಲಿ ಮೂರು ಹಿಡಿ ಇತ್ತು. ಬರಿದಾಗಿ ಒಯ್ದು ತೆರೆದಿಟ್ಟರೆ ಅತ್ತೆಯ ಹೆಮ್ಮೆಯ ಮಾತು ಮಣ್ಣುಪಾಲು. ಮೂರು ಹಿಡಿಯನ್ನೇ ಒಯ್ದರೆ ರಾಹೇಲ ಬಾಯಿಯವರ ಹದ್ದಿನ ಕಣ್ಣು. ಅವಳು ಎದ್ದು ಹೋಗಿ ಮಗ್ಗದ ಬುಟ್ಟಿಯಿಂದ ತಿಮೋತಿಯ ಖಾಲಿ ಕಂಡಿಕೆಗಳನ್ನು ತಂದಳು. ಬೆರಳುದ್ದದ ಕಟ್ಟಿಗೆಯ ಕಂಡಿಕೆಗಳು. ಆ ಮೂರು ಹಿಡಿಯನ್ನು ಹೊರತೆಗೆದು, ತಳಕ್ಕೆ ಕಂಡಿಕೆ ಜೋಡಿಸಿ, ಮೇಲೆ ಜೋಳ ಹರಡಿದಳು. ನೋಡಿದರೆ ಕಂಠದವರೆಗೆ ತುಂಬಿದ ಡಬ್ಬಿ. ನಾಳೆ ತಾನೇ ಚೀಲಕ್ಕೆ ಸುರಿಯುವುದು, ಅಂಗೈ ಅಡ್ಡ ಹಿಡಿದು ಕಂಡಿಕೆ ಬೀಳದಂತೆ ತಡೆಯುವುದು, ಹೀಗೆಂದು ಲೆಕ್ಕ ಹಾಕಿದಳು. ಒಂದು ಕೂಗು ಹಾಕುವ ಬಾಯಿ ನನಗಿದ್ದಿದ್ದರೆ!

ಆದರೆ ಅವಳು ಒಂದು ಮಾತು ಮರೆತಿದ್ದಳು. ಡಬ್ಬಿಗೆ ವಸ್ತ್ರ ಸುತ್ತಿ ಗಂಟು ಹಾಕುವ ಕೆಲಸವನ್ನು ದೊರ್ಕವ್ವ ಕಣ್ಣು ಹೋದ ಮೇಲೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಂದೂ ನನ್ನನ್ನು ಕೇಳಿ ಪಡೆದಳು, ತೊಡೆಯ ಮೇಲಿಟ್ಟುಕೊಂಡಳು. ಗಂಟು ಹಾಕುವ ಮೊದಲು ಕಾಳು ಸಮನಾಗಲಿ ಎಂದು ಎಂದಿನಂತೆ ಒಮ್ಮೆ ಅಲ್ಲಾಡಿಸಿದಳು.

ಕಟ ಕಟ ಎಂದಿತು.

ನಲವತ್ತು ವರ್ಷ ಕಂಡಿಕೆ ಸುತ್ತಿದವಳಿಗೆ ಆ ಸಪ್ಪಳ ಬೇರೆಯವರು ಹೇಳಿಕೊಡಬೇಕೇ? ಅವಳು ಮುಚ್ಚಳ ತೆಗೆದು ಕೈ ಇಳಿಸಿದಳು. ಒಂದು ಕಂಡಿಕೆ ಹೊರಗೆ ತೆಗೆದು ಬೆರಳಲ್ಲಿ ತಿರುಗಿಸಿದಳು. ಕೃಪಾವತಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಬೈಗುಳ ಬರುತ್ತದೆಂದು ನಾನೂ ಕಾದೆ.

“ಕೃಪವ್ವಾ,” ಎಂದಳು ದೊರ್ಕವ್ವ, “ದೇವರಿಗೆ ಕಂಡಿಕಿ ಕುದಿಸಿ ಉಣ್ಣಾಕ ಬರೂದಿಲ್ಲಬೇ.”

ಕೃಪಾವತಿ ಬಂದು ಅತ್ತೆಯ ಎದುರು ಕೂತಳು. ಹದಿನೈದು ದಿನ ಬಿಚ್ಚದ ತುಟಿ ಬಿಚ್ಚಿತು. “ತುಡುಗ ಮಾಡೀನ್ರಿ ಅತ್ತಿ. ದೇವರ ಡಬ್ಬ್ಯಾಗ ಕೈ ಹಾಕೀನಿ.”

“ಗೊತ್ತೈತಿ. ತುಂಬಿದ ಡಬ್ಬಿಗೆ ಜ್ವಾಳ ಬಿದ್ರ ಸಪ್ಪಳ ಆಗೂದಿಲ್ಲ. ಇದರ ತಗಡ ಹದಿನೈದ ದಿನದಿಂದ ಒದರಾಕತ್ತಿತ್ತು.”

“ಮತ್ತ್ಯಾಕ ಬೈಲಿಲ್ರಿ?”

“ಬೈಯಾಕ ಬಾಯಿ ಎಲ್ಲೈತಿ ನನಗ? ಈ ಬಾಯಿಲೇ ಸಾರವ್ವಗ ಅಂದಿದ್ದೆ. ನೀ ಅಲ್ಲೇ ಹಿಟ್ಟ ನಾದತಿದ್ದಿ. ಆ ಮಾತಿಗೆ ಹೆದರಿ ಕಂಡಿಕಿ ತುಂಬೀದಿ. ಇದು ನಿನ್ನ ತುಡುಗಲ್ಲ ತಂಗಿ, ನನ್ನ ನಾಲಿಗೀದು.”

ಅವಳು ಕೈ ಚಾಚಿ ಸೊಸೆಯನ್ನು ಹುಡುಕಿದಳು. ಮೊದಲು ಸಿಕ್ಕಿದ್ದು ಜಡೆ, ಆಮೇಲೆ ಹೆಗಲು. ಹಿಡಿದು ಹತ್ತಿರ ಎಳೆದುಕೊಂಡು ಪ್ರಾರ್ಥಿಸಿದಳು. ದೇವಾಲಯದ ಅಯ್ಯನವರ ಪ್ರಾರ್ಥನೆಯಂತೆ ಉದ್ದವಿರಲಿಲ್ಲ ಅದು.

“ಅಪ್ಪಾ, ದಾರ ನಿನ್ನ ಕೈಯಾಗೈತಿ. ಗಂಟ ನಾವ ಹಾಕೇವಿ. ಬಿಡಸೂದ ಕಲಿಸು. ನಾಳೆ ಗುಡಿಗೆ ಹೋಗಾಕ ಕಾಲಿಗೆ ಬಲ ಕೊಡು. ಆಮೆನ್.”

ಮರುದಿನ ನನ್ನನ್ನು ಹೊರುವವರು ಯಾರು ಎಂಬುದರ ಮೇಲೆ ಅತ್ತೆ ಸೊಸೆಯರಲ್ಲಿ ಜಗಳವಾಯಿತು. ನಾನೇ ಒಯ್ಯುತ್ತೇನೆ, ಓಣಿಯ ಜನ ನಿಮ್ಮನ್ನು ನೋಡುವುದು ಬೇಡ ಎಂದಳು ಕೃಪಾವತಿ. “ನೋಡ್ಲಿ ಬಿಡು,” ಎಂದಳು ದೊರ್ಕವ್ವ, “ನನಗಂತೂ ಅವರು ಕಾಣೂದಿಲ್ಲ.” ಹನ್ನಾ ನಕ್ಕಳು. ಅವಳ ಅವ್ವನೂ ಬಹಳ ದಿನಗಳ ಮೇಲೆ ನಕ್ಕಳು. ಹಾಗೆ ದೊರ್ಕವ್ವನೇ ಗೆದ್ದಳು.

ವಸ್ತ್ರವಿಲ್ಲ, ಮುಚ್ಚಳವಿಲ್ಲ, ಒಳಗೊಂದು ಕಾಳಿಲ್ಲ. ಆ ಮೂರು ಹಿಡಿ ರಾತ್ರಿಯೇ ಬೀಸುಕಲ್ಲು ಸೇರಿತ್ತು. ನನ್ನ ಜನ್ಮದಲ್ಲಿ ಅಷ್ಟು ಹಗುರವಾಗಿ ನಾನು ಆ ಓಣಿಯನ್ನು ದಾಟಿರಲಿಲ್ಲ. ಗಾಳಿ ಬಾಯಿಗೆ ತಾಕಿ ಹೂ ಎಂದು ಊದಿದಂತಾಗುತ್ತಿತ್ತು. ಮುದುಕಿಯ ಎದೆ ಹೊಡೆದುಕೊಳ್ಳುತ್ತಿದ್ದುದು ನನ್ನ ಪಕ್ಕೆಗೆ ಕೇಳುತ್ತಿತ್ತು. ಧೈರ್ಯವೆಂದರೆ ಎದೆ ಹೊಡೆದುಕೊಳ್ಳದೇ ಇರುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಅದು ಹೊಡೆದುಕೊಳ್ಳುತ್ತಿರುವಾಗಲೇ ಕಾಲು ಮುಂದಿಡುವುದಂತೆ.

ದೇವಾಲಯದಲ್ಲಿ ಹತ್ತೊಂಬತ್ತು ಡಬ್ಬಿಗಳು ಆಗಲೇ ಕೂತಿದ್ದವು. ದೊರ್ಕವ್ವ ಸೊಸೆಯ ಕೈ ಬಿಡಿಸಿಕೊಂಡು ಒಬ್ಬಳೇ ಮುಂದೆ ನಡೆದಳು. ವೇದಿಯ ಹತ್ತಿರ ಬಂದವಳು ಮೆಟ್ಟಿಲು ಎಲ್ಲಿದೆಯೆಂದು ತಿಳಿಯದೆ ನಿಂತಳು. ಮುಂದಿನ ಸಾಲಿನಿಂದ ಒಂದು ಸೀರೆಯ ಸಪ್ಪಳವಾಯಿತು. ಬಂದು ದೊರ್ಕವ್ವನ ಮೊಳಕೈ ಹಿಡಿದವಳು ಸಾರವ್ವ.

“ಪಾವಟಿಗಿ ಮೂರ ಅದಾವ ಅಕ್ಕಾ,” ಎಂದಳು ಮೆಲ್ಲಗೆ. “ಎಣಿಸಿ ಕಾಲ ಇಡ್ರಿ. ಮೊದಲನೇದು ಭಾಳ ಎತ್ತರ. ಆಮ್ಯಾಲ ಹಗರ ಆಕ್ಕೈತಿ.”

ದೊರ್ಕವ್ವ ಎಣಿಸಿ ಕಾಲಿಟ್ಟಳು. ನನ್ನನ್ನು ಸಾಲಿನ ಕೊನೆಯಲ್ಲಿ ಇಟ್ಟಳು. ಅಂದಿನ ಉಪದೇಶ ಏನಿತ್ತೋ ನನಗೆ ನೆನಪಿಲ್ಲ. ಮೇಲಿನ ಕಿಟಕಿಯಿಂದ ಬಿಸಿಲು ನೇರವಾಗಿ ನನ್ನ ತಳಕ್ಕೆ ಬಿದ್ದಿತ್ತು. ಖಾದರಸಾಬರ ಅಂಗಡಿ ಬಿಟ್ಟಮೇಲೆ ನನ್ನ ತಳ ಬಿಸಿಲು ಕಂಡದ್ದು ಅದೇ ಮೊದಲು.

ಆರಾಧನೆ ಮುಗಿದ ಮೇಲೆ ರಾಹೇಲ ಬಾಯಿಯವರು ಬಂದರು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ನಡುಗಿಸಿದ ಹೆಂಗಸು ಅವರು. ನನ್ನನ್ನು ನೋಡಿದರು. ನನ್ನ ಹೊಟ್ಟೆಯ ಮೇಲಿನ ಶೇಂಗಾ ಬಳ್ಳಿ ಅವರಿಗೆ ಗೊತ್ತಿಲ್ಲದ್ದೇ? ಬೊಗಸೆ ಬೊಗಸೆಯಾಗಿ ತುಂಬಿದರು, ತಟ್ಟಿದರು, ಇನ್ನೂ ತುಂಬಿದರು, ಮುಚ್ಚಳ ಕೂರದಷ್ಟು.

ಹೊರಗೆ ಬೇವಿನ ಮರದ ಕೆಳಗೆ ಸಾರವ್ವ ಕಾದು ನಿಂತಿದ್ದಳು. ಭಾರವಾದರೆ ಇತ್ತ ಕೊಡಿ ಎಂದಳು. ದೊರ್ಕವ್ವ ನನ್ನನ್ನು ಕೊಡಲಿಲ್ಲ. ಅವಳ ದನಿ ಬಂದ ಕಡೆ ಮುಖ ಮಾಡಿ ಹೇಳಿದಳು:

“ಸಾರಾ, ನೀ ಡಬ್ಬಿ ತೆರದಾಗ ನಾ ಒಂದ ಮಾತ ಆಡಿದ್ದೆ. ನಿನಗ ಕೇಳಿತ್ತೋ ಇಲ್ಲೋ…”

“ಕೇಳಿತ್ತು,” ಎಂದಳು ಸಾರವ್ವ. “ನಡುವಿನ ಗ್ವಾಡಿ ಭಾಳ ತೆಳ್ಳಗ ಐತಿ ಅಕ್ಕಾ. ಆದ್ರ ದಿನಾ ಮುಂಜಾನೆ ಹಿಡಿ ಹಾಕಿ ನೀವು ನನ್ನ ಹೆಸರ ಹೇಳತಿದ್ರಲ್ಲ, ಅದೂ ಕೇಳತಿತ್ತು. ಆ ಒಂದ ಮಾತಿಗೆ ಒಂದ ದಿನ ಅತ್ತಿದ್ದೆ. ತೊಂಬತ್ತ ದಿನ ಆ ಹೆಸರ ಕೇಳಿ ಎದ್ದೆ.”

ನಿಜ. ನಾನು ಸಾಕ್ಷಿ. ಬೈದ ಅದೇ ಬಾಯಿ ಪ್ರತಿ ಬೆಳಗ್ಗೆ ಸಾರವ್ವನ ಹೆಸರನ್ನು ನನ್ನೊಳಗೆ ಕೂಗುತ್ತಿತ್ತು. ಮನುಷ್ಯರು ಹೀಗೆಯೇ. ಒಂದೇ ಚೀಲದಲ್ಲಿ ಕಾಳೂ ಇರುತ್ತದೆ, ಕಲ್ಲೂ ಇರುತ್ತದೆ.

ಮನೆಗೆ ಬಂದ ಕೂಡಲೇ ಕೃಪಾವತಿ ಜೋಳವನ್ನು ಗಡಿಗೆಗೆ ಸುರಿದು, ನನ್ನನ್ನು ಬರಿದು ಮಾಡಿ, ಮತ್ತೆ ಒಂದು ಹಿಡಿ ತೆಗೆದು ನನ್ನೊಳಗೆ ಬಿಟ್ಟಳು. ಬೇಡಿ ತಂದದ್ದರಲ್ಲಿಯೂ ಹಿಡಿ ತೆಗೆಯುವುದೇ ಎಂದು ಯಾರಾದರೂ ಕೇಳಬಹುದು. ದೊರ್ಕವ್ವ ಕೇಳಲಿಲ್ಲ. ಕೃಪಾವತಿ ಬಗ್ಗಿ ನನ್ನ ಬಾಯಿಗೆ ತುಟಿ ತಂದು ಒಂದು ಹೆಸರು ಹೇಳಿದಳು. ಅದು ಅವಳದೇ ಹೆಸರು. ತನಗಾಗಿ ಅವಳು ಪ್ರಾರ್ಥಿಸಿದ್ದನ್ನು ನಾನು ಅಂದೇ ಮೊದಲು ಕೇಳಿದೆ.

ಮುಂದೆ ಐದು ತಿಂಗಳು ನಾನು ತೆರೆದ ಬಾಯಿಯಲ್ಲೇ ದೇವಾಲಯಕ್ಕೆ ಹೋದೆ. ಪವಾಡವೇನೂ ನಡೆಯಲಿಲ್ಲ. ಕಷ್ಟ ಕಷ್ಟವಾಗಿಯೇ ಇತ್ತು. ಆದರೆ ಕೃಪಾವತಿ ಕಂಡಿಕೆ ಸುತ್ತುವಾಗ ಹಾಡಿಕೊಳ್ಳತೊಡಗಿದಳು. ಹನ್ನಾ ಇನ್ನೂ ಬೇಕು ಎಂದು ಬಾಯಿ ಬಿಟ್ಟು ಕೇಳತೊಡಗಿದಳು. ದೊರ್ಕವ್ವನ ಹಲ್ಲುನೋವು ವಾಸಿಯಾಯಿತು.

ಎಂಟು ತಿಂಗಳ ಮೇಲೆ ತಿಮೋತಿ ಬಂದ, ಬಡಕಲಾಗಿ, ಆದರೆ ಕೆಮ್ಮಿಲ್ಲದೆ. ಮನೆಯ ಡಬ್ಬಿ ತೆರೆದಿಟ್ಟಿದ್ದರೆಂಬುದು ಅವನಿಗೆ ತಿಳಿಯಿತು. ಎರಡು ದಿನ ಮಗ್ಗದ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ದುಪ್ಪಟಿ ಸರಿಸಿ ಮಗ್ಗಕ್ಕೆ ಇಳಿದ. ಮೊದಲು ನೇಯ್ದದ್ದು ಕೆಂಪು ಅಂಚಿನ ಒಂದು ಚೌಕ, ನನಗೆ ಸುತ್ತಲಿಕ್ಕೆ. ಅವನು ಮಾತಿನ ಮನುಷ್ಯನಲ್ಲ. ದೊರ್ಕವ್ವ ಆ ಚೌಕದ ಅಂಚನ್ನು ಬೆರಳಿನಿಂದ ಓದಿ, ಒಂದು ಎಳೆ ತಪ್ಪಿದೆ ಎಂದಳು. ಎರಡು ವರ್ಷದ ಮೇಲೆ ಅವಳು ಪ್ರಭುವಿನಲ್ಲಿ ನಿದ್ರೆಹೋದಳು. ಶವಪೆಟ್ಟಿಗೆಯ ಒಂದು ಬದಿಗೆ ಹೆಗಲು ಕೊಟ್ಟವನು ಸಾರವ್ವನ ಮಗ.

ಈಗ ನನಗೂ ವಯಸ್ಸಾಗಿದೆ. ಒಡಹುಟ್ಟಿದವರಲ್ಲಿ ಹೆಚ್ಚಿನವರು ಗುಜರಿ ಸೇರಿದರು. ಕೆಲವರು ಮಲ್ಲಿಗೆ ಬಳ್ಳಿ ಹೊತ್ತುಕೊಂಡು ಅಂಗಳದಲ್ಲಿದ್ದಾರಂತೆ. ಹನ್ನಾ ಮದುವೆಯಾಗಿ ಹಾವೇರಿಯಲ್ಲಿ ದಾದಿಯಾಗಿದ್ದಾಳೆ. ದೇವಾಲಯದಲ್ಲಿ ಈಗ ಕಾಣಿಕೆಗೆ ಲಕೋಟೆ ಕೊಡುತ್ತಾರೆ. ನನ್ನ ಅಂಚು ತುಕ್ಕು ಹಿಡಿದಿದೆ, ಶೇಂಗಾ ಬಳ್ಳಿ ಅಳಿಸಿದೆ. ಆದರೂ ಕೃಪಾವತಿ ನನ್ನನ್ನು ಒಲೆಯ ಪಕ್ಕದಿಂದ ಎತ್ತಿಲ್ಲ. ತುಂಬಿದಾಗ ಓಣಿಯಲ್ಲಿ ಯಾರ ಮನೆಗೆ ಬೇಕೋ ಅಲ್ಲಿಗೆ ತಿಮೋತಿಯೇ ಒಯ್ದು, ಸುರಿದು, ಮಾತಿಲ್ಲದೆ ಬರುತ್ತಾನೆ.

ತುಂಬಿಟ್ಟುಕೊಳ್ಳಲು ಹುಟ್ಟಿದ ಡಬ್ಬಿಗಳು ಬೇರೆ. ನನ್ನಲ್ಲಿ ಕಾಳು ತಿಂಗಳಿಗಿಂತ ಹೆಚ್ಚು ನಿಂತಿಲ್ಲ. ಬರಿದಾದದ್ದನ್ನು ಒಂದು ಕಾಲದಲ್ಲಿ ಅವಮಾನವೆಂದುಕೊಂಡಿದ್ದೆ. ಬರಿದಾಗಿ ತೆರೆದುಕೊಂಡ ಆ ಒಂದು ಬೆಳಗ್ಗೆಯೇ ನನ್ನೊಳಗೆ ಬಿಸಿಲು ಬಿದ್ದದ್ದಲ್ಲವೇ?

ಕೃಪಾವತಿಯ ಬೆರಳುಗಳು ಈಗ ಸಂಧಿವಾತದಿಂದ ಸೊಟ್ಟಗಾಗಿವೆ. ಮುಷ್ಟಿ ಕಟ್ಟಲು ಬರುವುದಿಲ್ಲ. ಜೋಳ ಎತ್ತಿದರೆ ಬೆರಳ ಸಂದಿಗಳಿಂದ ಸೋರುತ್ತದೆ. ಇಂದು ಬೆಳಗ್ಗೆ ಅವಳು ಮೂರು ಸಲ ಎತ್ತಿದಳು, ಮೂರು ಸಲವೂ ಸೋರಿತು. ಬಾಗಿಲಲ್ಲಿ ಕೂತು ನೋಡುತ್ತಿದ್ದ ತಿಮೋತಿ ಎದ್ದು ಬಂದ. ಅವಳ ಕೈಯ ಕೆಳಗೆ ತನ್ನ ಕೈಯಿಟ್ಟು, ಅವಳ ಬೆರಳುಗಳನ್ನು ತನ್ನ ಬೆರಳುಗಳಿಂದ ಮುಚ್ಚಿದ. ಹಿಡಿ ತುಂಬಿತು. ಆದರೆ ಎರಡು ಕೈ ಕೂಡಿ ನನ್ನ ಬಾಯೊಳಗೆ ಹಿಡಿಸಲಿಲ್ಲ. ಅರ್ಧ ಒಳಗೆ, ಅರ್ಧ ನೆಲಕ್ಕೆ.

“ನಿಮ್ಮ ಕೈ ನಿಮ್ಮವ್ವನ ಕೈಯಂಗನ ಐತಿ ನೋಡ್ರಿ, ಭಾಳ ದೊಡ್ಡದು,” ಎಂದು ಅವಳು ನಕ್ಕಳು. ಅವನೂ ಸಪ್ಪಳವಿಲ್ಲದೆ ನಕ್ಕ.

ಈಗ ಇಬ್ಬರೂ ನೆಲದ ಮೇಲೆ ಕೂತು ಚೆಲ್ಲಿದ ಕಾಳು ಹೆಕ್ಕುತ್ತಿದ್ದಾರೆ. ಅವನು ಹೆಕ್ಕಿ ಅವಳ ಅಂಗೈಗೆ ಹಾಕುತ್ತಾನೆ, ಅವಳು ನನ್ನೊಳಗೆ ಬಿಡುತ್ತಾಳೆ. ಒಂದೊಂದೇ ಕಾಳು. ಒಲೆ ಇನ್ನೂ ಹೊತ್ತಿಲ್ಲ. ಅವರಿಗೂ ಅವಸರವಿಲ್ಲ, ನನಗೂ ಇಲ್ಲ. ಮುಚ್ಚಳ ಪಕ್ಕಕ್ಕಿದೆ. ಬಾಯಿ ತೆರೆದುಕೊಂಡು ಕೂತಿದ್ದೇನೆ.